ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಕೈಪಿಡಿಗೆ ಕೆಲಸಕ್ಕೆ ಬರುವ ಪದಸೂಚಿ

ಯಂತ್ರಗಳ ಕೈಪಿಡಿ, ಸಾಫ್ಟ್‌ವೇರ್ ಮ್ಯಾನ್ಯುಯಲ್‌ಗಳ ಕೊನೆಯಲ್ಲಿ ಅಕಾರಾದಿಯಾಗಿ ಬರುವ ಪದಸೂಚಿಯ ಬಗ್ಗೆ ಬೆಂಗಳೂರಿನ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರ ಕೊಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಒಂದೇ ಮಾಡಿದ್ದೇವೆ.

ಪ್ರಶ್ನೆ: ನಮ್ಮದು ಸಿಎನ್‌ಸಿ ಲೇತ್ (ಕಂಪ್ಯೂಟರ್ ನಿಯಂತ್ರಿಸುವ ಕಡೆಯುವ ಯಂತ್ರ) ತಯಾರಿಸುವ ಘಟಕ. 240 ಪುಟದ ಆಪರೇಟರ್ ಕೈಪಿಡಿಗೆ ಎಂಎಸ್ ವರ್ಡ್‌ನಲ್ಲಿ ಒಂದೊಂದೇ ಪದ ಆರಿಸಿ ‘ಮಾರ್ಕ್ ಆಲ್’ ಕೊಟ್ಟು ಇಂಡೆಕ್ಸ್ ಮಾಡಿದೆ. 22 ಪುಟವಾಯಿತು. ‘ಸ್ಪಿಂಡಲ್’ (ಯಂತ್ರದ ತಿರುಗುವ ದಂಡ) ಮುಂದೆ ಮೂರು ಸಾಲು ಬರೀ ಪುಟಸಂಖ್ಯೆಗಳೇ. ಸರ್ವಿಸ್ ವಿಭಾಗದವರು ಇದನ್ನು ತೆಗೆದೇ ಬಿಡಿ ಎನ್ನುತ್ತಿದ್ದಾರೆ. ಇದನ್ನೇ ಸರಿಪಡಿಸಬಹುದೇ, ಹೊಸದಾಗಿ ಶುರು ಮಾಡಬೇಕೇ? (ಓದುಗರು, ಪೀಣ್ಯ ಎರಡನೇ ಹಂತ)

ಉತ್ತರ: ಹೊಸದಾಗಿಯೇ ಶುರು ಮಾಡಿ. ಇದನ್ನು ಸೋಸಿ ಸರಿಪಡಿಸಲು ಹಿಡಿಯುವ ಸಮಯದಲ್ಲಿ ಇನ್ನೊಂದು ಸೂಚಿ ಕಟ್ಟಬಹುದು.

‘ಮಾರ್ಕ್ ಆಲ್’ ಮಾಡುವ ಕೆಲಸ ಇಷ್ಟೇ: ನೀವು ಆರಿಸಿದ ಪದ ಪ್ರತಿ ಪ್ಯಾರಾದಲ್ಲಿ ಮೊದಲು ಎಲ್ಲಿ ಬಂದಿದೆಯೋ ಅಲ್ಲಿ ಒಂದು ಗುರುತು ಹಾಕುತ್ತದೆ. ‘ಸ್ಪಿಂಡಲ್ ಪೂರ್ತಿ ನಿಂತ ಮೇಲೆ ಬಾಗಿಲು ತೆಗೆಯಿರಿ’ ಎಂಬ ಸಾಲಿಗೂ ಗುರುತು ಬೀಳುತ್ತದೆ, ಸ್ಪಿಂಡಲ್ ಬೆಲ್ಟ್ ಬದಲಿಸುವ ವಿಧಾನ ಹೇಳುವ ಪುಟಕ್ಕೂ ಅದೇ ಗುರುತು ಬೀಳುತ್ತದೆ. ಮೊದಲನೆಯದಕ್ಕೆ ಹೋದವನಿಗೆ ಅಲ್ಲಿ ಏನೂ ಸಿಗುವುದಿಲ್ಲ. ಹೀಗೆ ಮೂರು ಸಲ ಬರಿಗೈಲಿ ವಾಪಸು ಬಂದವನು ಸೂಚಿಯ ಪುಟ ತೆರೆಯುವುದನ್ನೇ ಬಿಡುತ್ತಾನೆ. ನಿಮ್ಮ ಸರ್ವಿಸ್‌ನವರ ಸಿಟ್ಟಿಗೂ ಕಾರಣ ಇದೇ ಇರಬೇಕು.

ಮೊದಲು ಕಡತದ ಒಂದು ಪ್ರತಿ ತೆಗೆದಿಟ್ಟುಕೊಂಡು ಹಳೆಯ ಗುರುತುಗಳನ್ನೆಲ್ಲ ಅಳಿಸಿ. ಆಲ್ಟ್ ಮತ್ತು ಎಫ್9 ಒತ್ತಿ ಫೀಲ್ಡ್ ಕೋಡ್‌ಗಳು (ವರ್ಡ್ ಕಡತದೊಳಗೆ ಅಡಗಿಸಿಡುವ ಸೂಚನೆಗಳು, ಈ ಗುರುತುಗಳೂ ಅಂಥವೇ) ಕಾಣುವಂತೆ ಮಾಡಿ, ಪ್ಯಾರಾ ಚಿಹ್ನೆಯ ಗುಂಡಿಯೂ ಆನ್ ಇರಲಿ. ‘ಫೈಂಡ್’ ಪೆಟ್ಟಿಗೆಯಲ್ಲಿ ಕ್ಯಾರೆಟ್ ಚಿಹ್ನೆ (^), ಅದಕ್ಕಂಟಿ ಸಣ್ಣ ಡಿ, ಒಂದು ಜಾಗ, ಆಮೇಲೆ ದೊಡ್ಡಕ್ಷರದಲ್ಲಿ ಎಕ್ಸ್ ಇ ಎಂದು ಬರೆಯಿರಿ. ‘ರಿಪ್ಲೇಸ್’ ಪೆಟ್ಟಿಗೆ ಖಾಲಿ ಇರಲಿ. ಎಲ್ಲವನ್ನೂ ಬದಲಿಸಿದರೆ ಕಡತ ಶುಭ್ರವಾಗುತ್ತದೆ.

ಆಮೇಲೆ ಕಂಪ್ಯೂಟರ್ ಬದಿಗಿಟ್ಟು ಅಚ್ಚುಪ್ರತಿ ಮತ್ತು ಪೆನ್ಸಿಲ್ ಹಿಡಿಯಿರಿ. ಪ್ರತಿ ವಿಭಾಗ ಓದಿದಾಗಲೂ ಕೇಳಿಕೊಳ್ಳಬೇಕಾದ್ದು ಒಂದೇ: ಯಾವ ತೊಂದರೆ ಹೊತ್ತುಕೊಂಡು ಬಂದವನಿಗೆ ಈ ಪುಟ ಬೇಕು? ಅವನ ಬಾಯಲ್ಲಿ ಆ ತೊಂದರೆಗೆ ಇರುವ ಪದ ಯಾವುದು? ಭಾಗಗಳ ಹೆಸರು, ಮಾಡುವ ಕೆಲಸ, ತೊಂದರೆಯ ಲಕ್ಷಣ, ಸೆಟ್ಟಿಂಗ್ ಮತ್ತು ಅಳತೆ, ಎಚ್ಚರಿಕೆ, ಕೋಡ್: ಇಷ್ಟರಲ್ಲಿ ಯಾವುದಾದರೂ ಒಂದಕ್ಕೆ ಸೇರದ ಸಾಲಿಗೆ ನಮೂದು ಬೇಡ. ಕಂಪನಿಯ ಪರಿಚಯ, ಹಕ್ಕುಸ್ವಾಮ್ಯದ ಪುಟ, ‘ಮುಂದಿನ ಅಧ್ಯಾಯದಲ್ಲಿ ನೋಡೋಣ’ ಎಂಬಂಥ ಪ್ಯಾರಾಗಳನ್ನು ಹಾಗೇ ದಾಟಿ.

ಕಾರ್ಖಾನೆಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಲಕ್ಷಣಗಳೇ. ‘ಹೈಡ್ರಾಲಿಕ್ ಒತ್ತಡ’ ಎಂಬ ನಮೂದು ಇರುತ್ತದೆ, ‘ಚಕ್ ಹಿಡಿಯುತ್ತಿಲ್ಲ’ ಎಂಬುದು ಇರುವುದಿಲ್ಲ (ಚಕ್ ಎಂದರೆ ಕಡೆಯಬೇಕಾದ ತುಂಡನ್ನು ಹಿಡಿದುಕೊಳ್ಳುವ ಭಾಗ). ರಾತ್ರಿ ಪಾಳಿಯ ಆಪರೇಟರ್‌ಗೆ ಗೊತ್ತಿರುವುದು ಎರಡನೆಯದು ಮಾತ್ರ. ನಿಮ್ಮ ಸರ್ವಿಸ್ ಕಾಲ್ ರಿಜಿಸ್ಟರ್‌ನಲ್ಲಿ ಹಿಂದಿನ ಎರಡು ತಿಂಗಳ ದೂರುಗಳನ್ನು ಓದಿ, ಗ್ರಾಹಕರು ಬಳಸಿದ ಪದಗಳನ್ನು ಹಾಗೇ ಎತ್ತಿ ಬರೆದುಕೊಳ್ಳಿ. ಸೂಚಿಗೆ ಅದಕ್ಕಿಂತ ಒಳ್ಳೆಯ ಕಚ್ಚಾಮಾಲು ಬೇರೆ ಇಲ್ಲ.

ನಿಮ್ಮದೇ ಬಗೆಯ ಕೈಪಿಡಿಯಲ್ಲಿ ಕೂಲಂಟ್ (ಕಡೆಯುವಾಗ ತಂಪು ಮಾಡುವ ದ್ರವ) ಎಂಬ ಒಂದು ನಮೂದು ನೋಡಿ. ‘ಮಾರ್ಕ್ ಆಲ್’ ಹಾಕಿಕೊಟ್ಟಾಗ ಅದು ಹೀಗಿರುತ್ತದೆ:

ಕೂಲಂಟ್ 14, 22, 37, 38, 39, 61, 88, 102, 118, 119, 143, 166, 190

ಓದಿ ಕಟ್ಟಿದಾಗ ಹೀಗಾಗುತ್ತದೆ:

ಕೂಲಂಟ್
— ಆನ್, ಆಫ್ ಮಾಡುವುದು (ಎಂ08, ಎಂ09) 88
— ಟ್ಯಾಂಕ್ ತೊಳೆಯುವುದು 118–119
— ಪಂಪ್ ಟ್ರಿಪ್ ಆದಾಗ 190
— ಮಟ್ಟ ನೋಡುವುದು 37
— ಮಿಶ್ರಣದ ಪ್ರಮಾಣ 38–39
— ಸೋರಿಕೆ 166

14, 22, 61, 102, 143 ಬಿದ್ದುಹೋದವು, ಏಕೆಂದರೆ ಅಲ್ಲೆಲ್ಲ ಕೂಲಂಟ್ ಎಂಬ ಪದ ಇದೆಯೇ ಹೊರತು ಕೂಲಂಟ್ ಬಗ್ಗೆ ಮಾಹಿತಿ ಇಲ್ಲ. ಒಂದು ನಮೂದಿನ ಮುಂದೆ ಐದಾರಕ್ಕಿಂತ ಹೆಚ್ಚು ಪುಟಸಂಖ್ಯೆ ಬಂದರೆ ಉಪನಮೂದುಗಳಾಗಿ ಒಡೆಯಿರಿ. ಹಾಗೆಂದು ಎಲ್ಲವನ್ನೂ ಒಡೆಯುವುದೂ ತಪ್ಪು. ಮೂರು ಉಪನಮೂದುಗಳೂ ಒಂದೇ ಪುಟಕ್ಕೆ ಹೋಗುತ್ತಿದ್ದರೆ ಮುಖ್ಯಪದದ ಮುಂದೆ ಆ ಪುಟ ಕೊಟ್ಟರೆ ಸಾಕು. ಎರಡು ಹಂತ ದಾಟಬೇಡಿ, ಎರಡು ಕಾಲಂ ಪುಟದಲ್ಲಿ ಮೂರನೇ ಹಂತಕ್ಕೆ ಸಾಲು ಮುರಿದು ಗೋಜಲಾಗುತ್ತದೆ. ವಿಷಯ ಒಂದೇ ಸಮನೆ ಮುಂದುವರಿದಿದ್ದರೆ 38–39 ಎಂದೂ, ಎರಡು ಪುಟಗಳಲ್ಲಿ ಬೇರೆ ಬೇರೆಯಾಗಿ ಬಂದಿದ್ದರೆ 38, 39 ಎಂದೂ ಬರೆಯಬೇಕು.

ಗಾತ್ರದ ಅಂದಾಜು ಹೀಗೆ ಹಾಕಿಕೊಳ್ಳಿ. ಈ ಬಗೆಯ ಕೈಪಿಡಿಯಲ್ಲಿ ಪುಟಕ್ಕೆ ಸರಾಸರಿ ನಾಲ್ಕರಿಂದ ಆರು ಗುರುತು ಬೀಳುತ್ತವೆ. 240 ಪುಟಕ್ಕೆ ಸುಮಾರು ಸಾವಿರ. ಎರಡು ಕಾಲಂ, ಕಾಲಂಗೆ 50 ಸಾಲು ಎಂದರೆ ಹತ್ತು ಪುಟದ ಆಸುಪಾಸು. ಮೂರೇ ಪುಟಕ್ಕೆ ಮುಗಿದರೆ ಎಷ್ಟೋ ಬಿಟ್ಟುಹೋಗಿದೆ ಎಂದರ್ಥ. ಹೊಸಬರಿಗೆ ಗಂಟೆಗೆ ಐದು ಪುಟ ಓದಿ ಗುರುತು ಹಾಕುವುದು ಸಾಧ್ಯ, ಅಂದರೆ 48 ಗಂಟೆ. ಮುಗಿದ ಮೇಲೆ ತಿದ್ದುವುದಕ್ಕೆ ಇದರ ಮೂರನೇ ಒಂದು ಭಾಗ ಪ್ರತ್ಯೇಕ. ‘ನಾಳೆ ಸಂಜೆಗೆ ಇಂಡೆಕ್ಸ್ ಹಾಕಿಕೊಡಿ’ ಎನ್ನುವ ಮ್ಯಾನೇಜರ್ ಮುಂದೆ ಈ ಲೆಕ್ಕ ಇಡಿ.

ಗುರುತು ಹಾಕುವಾಗ ಕೈಕೊಡುವ ಜಾಗಗಳು ಕೆಲವು ಇವೆ. ಆಲ್ಟ್, ಶಿಫ್ಟ್, ಎಕ್ಸ್ ಒಟ್ಟಿಗೆ ಒತ್ತಿದರೆ ಬರುವ ಪೆಟ್ಟಿಗೆಯಲ್ಲಿ ‘ಮಾರ್ಕ್’ ಮಾತ್ರ ಬಳಸಿ. ಗುರುತು ಪ್ಯಾರಾದ ಮೊದಲಲ್ಲಿರಲಿ. ಕೊನೆಯಲ್ಲಿಟ್ಟರೆ ಪ್ಯಾರಾ ಮುಂದಿನ ಪುಟಕ್ಕೆ ಚಾಚಿದಾಗ ಸೂಚಿಯೂ ಮುಂದಿನ ಪುಟ ತೋರಿಸುತ್ತದೆ. ಹಲವು ಪುಟದ ವಿಷಯಕ್ಕೆ ಆ ಭಾಗವನ್ನೆಲ್ಲ ಆರಿಸಿ ಬುಕ್‌ಮಾರ್ಕ್ ಕೊಟ್ಟು, ಪೆಟ್ಟಿಗೆಯಲ್ಲಿ ‘ಪೇಜ್ ರೇಂಜ್’ ಎದುರು ಆ ಬುಕ್‌ಮಾರ್ಕ್ ಹೆಸರು ಆರಿಸಬೇಕು. ನಮೂದಿನೊಳಗೆ ಕೋಲನ್ ಚಿಹ್ನೆ ಬಂದರೆ ವರ್ಡ್ ಅದರಿಂದಾಚೆಗಿನದನ್ನು ಉಪನಮೂದು ಎಂದು ಓದುತ್ತದೆ. ಕೋಲನ್ ಬೇಕೇ ಬೇಕಿದ್ದರೆ ಅದರ ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕಿ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ: ಗುರುತುಗಳು ಅಡಗಿಸಿದ ಅಕ್ಷರಗಳಾಗಿ ಕಡತದೊಳಗೆ ಕೂತಿರುತ್ತವೆ. ಅವು ತೆರೆಯ ಮೇಲೆ ಕಾಣುತ್ತಿರುವಾಗಲೇ ಎಫ್9 ಒತ್ತಿ ಸೂಚಿ ಹೊಸದು ಮಾಡಿದರೆ, ಅವು ಹಿಡಿದಿರುವ ಜಾಗವನ್ನೂ ಸೇರಿಸಿ ಪುಟ ಎಣಿಕೆಯಾಗುತ್ತದೆ. ಕೊನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಸಂಖ್ಯೆಗಳು ಮೂರ್ನಾಲ್ಕು ಪುಟ ಆಚೆ ಹೋಗಿರುತ್ತವೆ. ಪ್ಯಾರಾ ಚಿಹ್ನೆ ಆಫ್ ಮಾಡಿ, ಫೀಲ್ಡ್ ಕೋಡ್ ಮುಚ್ಚಿ, ಆಮೇಲೆ ಎಫ್9. ಸೂಚಿಯಲ್ಲಿ ತಪ್ಪು ಕಂಡರೆ ಅಲ್ಲೇ ತಿದ್ದಬೇಡಿ. ಮುಂದಿನ ಎಫ್9ಗೆ ಆ ತಿದ್ದುಪಡಿ ಅಳಿಸಿಹೋಗುತ್ತದೆ. ಮೂಲ ಗುರುತನ್ನೇ ಹುಡುಕಿ ತಿದ್ದಿ.

ಪ್ರಶ್ನೆ: ಅಲಾರಂ ನಂಬರ್‌ಗಳು, ಜಿ ಕೋಡ್, ಎಂ ಕೋಡ್‌ಗಳನ್ನೂ (ಪ್ರೋಗ್ರಾಂನಲ್ಲಿ ಯಂತ್ರಕ್ಕೆ ಕೊಡುವ ಆಜ್ಞೆಗಳು) ಸೂಚಿಗೆ ಸೇರಿಸಬೇಕೇ? ನಮ್ಮ ಯಂತ್ರದಲ್ಲಿ ಅಲಾರಂಗಳೇ ನೂರಾರಿವೆ. (ಓದುಗರು, ಜಿಗಣಿ)

ಉತ್ತರ: ಅಲಾರಂ ಬೇಡ. ಅವು ಸಂಖ್ಯಾಕ್ರಮದ ಕೋಷ್ಟಕದಲ್ಲಿರಲಿ, ಸೂಚಿಯಲ್ಲಿ ‘ಅಲಾರಂ ಪಟ್ಟಿ 201–214’ ಎಂಬ ಒಂದೇ ಸಾಲು ಸಾಕು. ಕೋಷ್ಟಕದಾಚೆ ಅರ್ಧ ಪುಟಕ್ಕೂ ಮಿಕ್ಕಿ ವಿವರಿಸಿದ ಅಲಾರಂ ಇದ್ದರೆ, ಅದನ್ನು ನಂಬರಿನಿಂದ ಹಾಕದೆ ಲಕ್ಷಣದಿಂದ ಹಾಕಿ: ‘ಸರ್ವೋ ಓವರ್‌ಲೋಡ್’, ‘ಲೂಬ್ ಆಯಿಲ್ ಕಡಿಮೆ’.

ಕೋಡ್‌ಗಳ ವಿಷಯ ಬೇರೆ. ಪ್ರೋಗ್ರಾಂ ಬರೆಯುವವರು ಕೋಡ್ ನೋಡಿಯೂ ಬರುತ್ತಾರೆ, ಕೆಲಸ ನೆನೆದೂ ಬರುತ್ತಾರೆ. ಎರಡೂ ಕಡೆ ಹಾಕಿ: ‘ಜಿ28 (ರೆಫರೆನ್ಸ್ ಪಾಯಿಂಟ್‌ಗೆ ವಾಪಸು)’ ಒಂದು ಕಡೆ, ‘ರೆಫರೆನ್ಸ್ ಪಾಯಿಂಟ್‌ಗೆ ವಾಪಸು (ಜಿ28)’ ಇನ್ನೊಂದು ಕಡೆ. ಕೋಡ್ ಬರೆದು ಅದರ ಕೆಲಸ ಬರೆಯದ ನಮೂದು ಅರ್ಧ ನಮೂದು. ಕೋಡ್‌ಗಳು ಎಪ್ಪತ್ತು ಎಂಬತ್ತು ದಾಟಿದರೆ ಅವಕ್ಕೇ ಬೇರೆ ಸೂಚಿ ಮಾಡಿ. ವರ್ಡ್‌ನಲ್ಲಿ ಗುರುತಿನ ಫೀಲ್ಡ್‌ಗೂ ಸೂಚಿಯ ಫೀಲ್ಡ್‌ಗೂ ಬ್ಯಾಕ್‌ಸ್ಲ್ಯಾಶ್ ಎಫ್ ಸೇರಿಸಿ ಒಂದೇ ಅಕ್ಷರ ಕೊಟ್ಟರೆ ಆ ಗುಂಪು ಪ್ರತ್ಯೇಕವಾಗಿ ಬರುತ್ತದೆ. ಅನೇಕ ತಂತ್ರಾಂಶಗಳು ಅಂಕಿಗಳನ್ನೂ ಅಕ್ಷರದಂತೆ ಜೋಡಿಸಿ 2ಕ್ಕಿಂತ ಮೊದಲು 10 ಇಡುತ್ತವೆ. ಕೋಡ್‌ಗಳ ಕ್ರಮವನ್ನು ಒಮ್ಮೆ ಕಣ್ಣಾಡಿಸಿ ನೋಡಿ.

ಪ್ರಶ್ನೆ: ಈಗ ಎಲ್ಲ ಕೈಪಿಡಿಯೂ ಪಿಡಿಎಫ್. ಸರ್ಚ್ ಮಾಡಿದರೆ ಸಿಗುತ್ತದೆ. ಇಂಡೆಕ್ಸ್ ಇನ್ನೂ ಯಾಕೆ? (ಓದುಗರು, ಜಯನಗರ)

ಉತ್ತರ: ಸರ್ಚ್ ಹುಡುಕುವುದು ಪುಟದ ಮೇಲಿರುವ ಅಕ್ಷರಗಳನ್ನು. ಕೈಪಿಡಿ ‘ವಿದ್ಯುತ್ ವ್ಯತ್ಯಯದ ನಂತರ ಪುನರಾರಂಭ’ ಎಂದು ಬರೆದಿದ್ದು, ಓದುವವರು ‘ಕರೆಂಟ್’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ‘ಸ್ಪಿಂಡಲ್’ ಎಂದು ಹುಡುಕಿದರೆ ಇನ್ನೂರು ಕಡೆ ಸಿಗುತ್ತದೆ. ಸೊನ್ನೆಗೂ ಇನ್ನೂರಕ್ಕೂ ನಡುವೆ ಬೇಕಾದ ಪುಟ ತೋರಿಸುವವರು ಯಾರು?

ಕನ್ನಡ ಪಿಡಿಎಫ್‌ಗಳಲ್ಲಿ ಇನ್ನೊಂದು ತೊಡಕು. ಹಳೆಯ ಆಸ್ಕಿ ಫಾಂಟ್‌ನಲ್ಲಿ ಮಾಡಿದ್ದಾದರೆ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು. ಯುನಿಕೋಡ್‌ನಲ್ಲಿ ಮಾಡಿದ್ದರೂ ಒತ್ತಕ್ಷರಗಳು ಪಿಡಿಎಫ್‌ನೊಳಗೆ ಚೂರುಚೂರಾಗಿ ಸರ್ಚ್‌ಗೆ ಸಿಗದೇ ಹೋಗುವುದುಂಟು. ನಿಮ್ಮ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ, ಗೊತ್ತಾಗುತ್ತದೆ. ಪಿಡಿಎಫ್ ಕೊಡುವುದಾದರೆ ಸೂಚಿಯ ಪುಟಸಂಖ್ಯೆಗಳನ್ನು ಒತ್ತಿದರೆ ಆ ಪುಟಕ್ಕೆ ಹೋಗುವಂತೆ ಲಿಂಕ್ ಮಾಡಿಕೊಡಿ.

ಪ್ರಶ್ನೆ: ನಮ್ಮದು ಡಿಟಿಪಿ ಕೇಂದ್ರ. ಇಂಗ್ಲಿಷ್ ಕೈಪಿಡಿಗಳ ಕನ್ನಡ ಆವೃತ್ತಿ ಮಾಡುತ್ತೇವೆ. ಪದಸೂಚಿಯಲ್ಲಿ ‘ಬಲ’ ಆದ ಕೂಡಲೇ ‘ಬಳಕೆ’ ಬರುತ್ತದೆ, ಆಮೇಲೆ ‘ಬಸಿ’, ‘ಬಹು’. ಇದಲ್ಲದೆ ‘ಬೋಲ್ಟ್’ ಎಂಬ ಪದ ಎರಡು ಸಲ ಬಂದಿದೆ, ಎರಡೂ ನೋಡಲು ಒಂದೇ ಥರ. ಏನು ತಪ್ಪು? (ಓದುಗರು, ಚಾಮರಾಜಪೇಟೆ)

ಉತ್ತರ: ಎರಡೂ ಬೇರೆ ಬೇರೆ ತೊಂದರೆ.

ಮೊದಲನೆಯದು ವಿಂಗಡಣೆಯ ಕ್ರಮ. ನಮ್ಮ ವರ್ಣಮಾಲೆಯಲ್ಲಿ ಯ, ರ, ಲ, ವ, ಶ, ಷ, ಸ, ಹ ಆದ ಮೇಲೆ ಳ. ಯುನಿಕೋಡ್ ಕೋಷ್ಟಕದಲ್ಲಿ ಮಾತ್ರ ಳ ಕೂತಿರುವುದು ಲ ಪಕ್ಕದಲ್ಲಿ, ವ ಅಕ್ಷರಕ್ಕಿಂತ ಮೊದಲು. ಭಾಷೆ ಗೊತ್ತಿಲ್ಲದ ತಂತ್ರಾಂಶ ಕೋಷ್ಟಕದ ಸಂಖ್ಯೆಯನ್ನೇ ಹಿಡಿದು ಜೋಡಿಸುತ್ತದೆ. ವಿಂಗಡಿಸುವಾಗ ಭಾಷೆ ಕನ್ನಡ ಎಂದು ಹೇಳಬೇಕು. ವರ್ಡ್‌ನಲ್ಲಿ ‘ಇನ್ಸರ್ಟ್ ಇಂಡೆಕ್ಸ್’ ಪೆಟ್ಟಿಗೆಯಲ್ಲೇ ಭಾಷೆಯ ಆಯ್ಕೆ ಇದೆ. ಫೀಲ್ಡ್‌ನಲ್ಲಿ ಕೈಯಾರೆ ಬರೆಯುವುದಾದರೆ ಬ್ಯಾಕ್‌ಸ್ಲ್ಯಾಶ್ ಝಡ್ ಆದ ಮೇಲೆ 1099, ಅದು ಕನ್ನಡದ ಭಾಷಾಸಂಖ್ಯೆ. ನಿಮ್ಮ ಪುಟವಿನ್ಯಾಸದ ತಂತ್ರಾಂಶಕ್ಕೆ ಕನ್ನಡದ ಕ್ರಮ ತಿಳಿಯದಿದ್ದರೆ ಪಟ್ಟಿಯನ್ನು ಹೊರಗೆ ತೆಗೆದು ಲಿಬ್ರೆಆಫೀಸ್ ಕ್ಯಾಲ್ಕ್‌ಗೆ ಹಾಕಿ. ‘ಡೇಟಾ’ ಮೆನುವಿನ ‘ಸಾರ್ಟ್’ನಲ್ಲಿ ಆಯ್ಕೆಗಳ ಪುಟಕ್ಕೆ ಹೋದರೆ ಭಾಷೆ ಆರಿಸಬಹುದು. ಯಾವ ತಂತ್ರಾಂಶವಾದರೂ ಮೊದಲು ನೀವು ಬರೆದಿರುವ ಆ ನಾಲ್ಕೇ ಪದ ಕೊಟ್ಟು ಪರೀಕ್ಷಿಸಿ. ಬಲ, ಬಸಿ, ಬಹು, ಬಳಕೆ ಎಂದು ಬಂದರೆ ನಂಬಬಹುದು. ಅಕ್ಷರವಾರು ಗುಂಪಿನ ಶೀರ್ಷಿಕೆಗಳನ್ನು (ಅ, ಆ, ಕ, ಗ) ಕೊನೆಯಲ್ಲಿ ಕೈಯಾರೆ ಹಾಕುವುದೇ ಕ್ಷೇಮ.

ಎರಡು ‘ಬೋಲ್ಟ್’ಗೆ ಕಾರಣ ಕಣ್ಣಿಗೆ ಕಾಣದ ಒಂದು ಅಕ್ಷರ. ‘ಬೋಲ್ಟ್‌ಗಳು’ ಎಂದು ಬರೆದಾಗ ‘ಟ್’ಗೆ ‘ಗ’ ಒತ್ತಾಗಿ ಅಂಟದಿರಲಿ ಎಂದು ನಡುವೆ ಒಂದು ಜೋಡಕ ತಡೆ, ಅಂದರೆ ಝಡ್‌ಡಬ್ಲ್ಯುಎನ್‌ಜೆ ಹಾಕಿರುತ್ತೀರಿ. ಗುರುತು ಹಾಕುವಾಗ ‘ಗಳು’ ಬಿಟ್ಟು ಹಿಂದಿನದನ್ನು ಮಾತ್ರ ಆರಿಸಿದರೆ ಆ ತಡೆ ಅಕ್ಷರವೂ ಬಾಲದಂತೆ ಜೊತೆಗೆ ಬರುತ್ತದೆ. ಬಾಲ ಇರುವ ‘ಬೋಲ್ಟ್’ ಬೇರೆ, ಇಲ್ಲದ ‘ಬೋಲ್ಟ್’ ಬೇರೆ ಎಂದು ತಂತ್ರಾಂಶ ತಿಳಿಯುತ್ತದೆ. ಇದರ ಯುನಿಕೋಡ್ ಸಂಖ್ಯೆ ದಶಮಾನದಲ್ಲಿ 8204. ವರ್ಡ್‌ನ ‘ಫೈಂಡ್’ನಲ್ಲಿ ಕ್ಯಾರೆಟ್ ಚಿಹ್ನೆ, ಸಣ್ಣ ಯು, 8204 ಎಂದು ಕೊಟ್ಟು ಗುರುತುಗಳೊಳಗೆ ಹುಡುಕಿ. ನಮೂದಿನ ಕೊನೆಯಲ್ಲಿ ಇರುವುದನ್ನು ಮಾತ್ರ ತೆಗೆಯಿರಿ. ‘ಟೇಲ್‌ಸ್ಟಾಕ್’, ‘ಆಫ್‌ಸೆಟ್’ ಮುಂತಾದವುಗಳ ನಡುವೆ ಅದು ಇರಲೇಬೇಕು, ಒಟ್ಟಿಗೇ ಎಲ್ಲ ಅಳಿಸಿದರೆ ಪದಗಳೇ ಕೆಡುತ್ತವೆ.

ಹೀಗೇ ಕಾಣದ ಇನ್ನೊಂದು ಭೇದವಿದೆ. ಕೊ, ಕೋ ಅಕ್ಷರಗಳ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಮೂರು ತುಂಡಾಗಿಯೂ ದಾಖಲಿಸಬಹುದು. ಬೇರೆ ಬೇರೆ ಕೀಲಿಮಣೆ, ಹಳೆಯ ಫಾಂಟ್‌ನಿಂದ ಪರಿವರ್ತಿಸಿದ ಪಠ್ಯ ಬೆರೆತಾಗ ಎರಡೂ ಬಗೆ ಒಂದೇ ಕಡತಕ್ಕೆ ಬಂದಿರುತ್ತವೆ. ಸೂಚಿ ಶುರು ಮಾಡುವ ಮೊದಲೇ ಇಡೀ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ (ಇಂಥ ತುಂಡುಗಳನ್ನು ಕೂಡಿಸಿ ಒಂದೇ ಸಂಕೇತ ಮಾಡುವ ಯುನಿಕೋಡ್ ರೂಪ) ತಂದುಬಿಡಿ.

ಇದೆಲ್ಲ ಯಂತ್ರದ ತೊಂದರೆಯಾಯಿತು. ಕಣ್ಣಿಗೆ ಕಾಣುವ ಭೇದಗಳೇ ಹೆಚ್ಚು ಕಾಟ ಕೊಡುತ್ತವೆ: ಕೂಲಂಟ್, ಕೂಲೆಂಟ್, ವಾಲ್ವ್, ವಾಲ್ವು, ಸರ್ವೊ, ಸರ್ವೋ, ಆಯಿಲ್, ಆಯ್ಲ್. ಅನುವಾದಕರು ಇಬ್ಬರಾದರೆ ಬರವಣಿಗೆ ಎರಡು ಬಗೆಯದಾಗುತ್ತದೆ. ಮೊದಲೇ ಒಂದು ಪದಪಟ್ಟಿ ಮಾಡಿ ಎಲ್ಲರ ಮೇಜಿನ ಮೇಲೂ ಇಡಿ. ಕನ್ನಡ ಸೂಚಿಯಲ್ಲಿ ಏಕವಚನವೇ ಇರಲಿ. ಇಂಗ್ಲಿಷ್ ಸೂಚಿಯಲ್ಲಿ ಎಣಿಸಬಹುದಾದ ವಸ್ತುಗಳಿಗೆ ಬಹುವಚನ ಕೊಡುವ ರೂಢಿ ಇದೆ. ಅದನ್ನೇ ಇಲ್ಲಿಗೂ ತಂದರೆ ‘ಗಳು’ ಸೇರಿ ಸಾಲು ಉದ್ದವಾಗುವುದಷ್ಟೇ ಅಲ್ಲ, ಮೇಲೆ ಹೇಳಿದ ಬಾಲದ ಕಾಟವೂ ಜೊತೆಗೆ ಬರುತ್ತದೆ. ಇಂಗ್ಲಿಷ್ ಸೂಚಿಯನ್ನು ಸಾಲುಸಾಲಾಗಿ ಅನುವಾದಿಸಿ ಮತ್ತೆ ಜೋಡಿಸುವ ಪದ್ಧತಿಯನ್ನು ಬಿಟ್ಟುಬಿಡಿ. ಅಲ್ಲಿ ಪುಟಗಳೂ ಬೇರೆ, ಓದುವವರು ಹುಡುಕುವ ಪದಗಳೂ ಬೇರೆ. ಫಿಟ್ಟರ್ ‘ಗ್ರೀಸ್ ಹೊಡೆಯುವುದು’ ಎಂದು ಹುಡುಕುತ್ತಾನೆ. ‘ಸ್ನೇಹಕ ಲೇಪನ’ ಎಂಬ ನಮೂದಿಗೆ ಗಿರಾಕಿ ಇಲ್ಲ.

ಪ್ರಶ್ನೆ: ‘ನೋಡಿ’, ‘ಇದನ್ನೂ ನೋಡಿ’ ಎರಡನ್ನೂ ಯಾವಾಗ ಬಳಸಬೇಕು? (ಓದುಗರು, ರಾಜಾಜಿನಗರ)

ಉತ್ತರ: ಈ ಪದದ ಕೆಳಗೆ ಏನೂ ಇಲ್ಲ, ಎಲ್ಲ ಇನ್ನೊಂದು ಕಡೆ ಇದೆ ಎಂದಾದರೆ ‘ನೋಡಿ’. ಉದಾಹರಣೆಗೆ: ಗ್ರೀಸ್ ಹೊಡೆಯುವುದು, ‘ಲೂಬ್ರಿಕೇಷನ್’ ನೋಡಿ. ಇಲ್ಲೂ ಇದೆ, ಹತ್ತಿರದ ವಿಷಯ ಅಲ್ಲೂ ಇದೆ ಎಂದಾದರೆ ‘ಇದನ್ನೂ ನೋಡಿ’.

ಆದರೆ ‘ನೋಡಿ’ ಹಾಕುವ ಮುನ್ನ ಪುಟಗಳನ್ನು ಎಣಿಸಿ. ಒಂದರಿಂದ ಮೂರು ಪುಟಸಂಖ್ಯೆ ಇರುವಲ್ಲಿ ಎರಡೂ ಪದಗಳ ಮುಂದೆ ಅವನ್ನೇ ಬರೆಯಿರಿ. ‘ಕರೆಂಟ್ ಹೋದಾಗ 72’, ‘ವಿದ್ಯುತ್ ವ್ಯತ್ಯಯ 72’. ಒಂದು ಸಂಖ್ಯೆಗಾಗಿ ಓದುವವರನ್ನು ಇನ್ನೊಂದು ಕಾಲಂಗೆ ಅಲೆಸುವುದು ಸರಿಯಲ್ಲ. ಉಪನಮೂದುಗಳು ಹೆಚ್ಚಿದ್ದಲ್ಲಿ ಮಾತ್ರ ‘ನೋಡಿ’. ಹೀಗೆ ಎರಡು ಕಡೆ ಬರೆದ ಮೇಲೆ ಎರಡೂ ಕಡೆ ಒಂದೇ ಸಂಖ್ಯೆಗಳಿರಬೇಕು. ಒಂದು ಕಡೆ 72, 95, ಇನ್ನೊಂದು ಕಡೆ 72 ಮಾತ್ರ ಇದ್ದರೆ ಎರಡನೆಯದಕ್ಕೆ ಬಂದವರಿಗೆ 95ನೇ ಪುಟ ಇದೆಯೆಂದೇ ಗೊತ್ತಾಗುವುದಿಲ್ಲ. ತಿದ್ದುವಾಗ ಕುರುಡು ‘ನೋಡಿ’ಗಳನ್ನು (ತೋರಿಸಿದ ಪದ ಸೂಚಿಯಲ್ಲೇ ಇಲ್ಲ) ಮತ್ತು ಸುತ್ತುವ ‘ನೋಡಿ’ಗಳನ್ನು (ಅಲ್ಲಿ ಹೋದರೆ ಅದು ಇಲ್ಲಿಗೇ ವಾಪಸು ಕಳಿಸುತ್ತದೆ) ಒಂದೊಂದಾಗಿ ಕೈಯಿಟ್ಟು ಪರೀಕ್ಷಿಸಿ.

ಪ್ರಶ್ನೆ: ನಾವು ಡಿಟಾ ಎಕ್ಸ್‌ಎಂಎಲ್‌ನಲ್ಲಿ (ಕೈಪಿಡಿಯನ್ನು ಟಾಪಿಕ್ ಎಂಬ ಬಿಡಿ ತುಣುಕುಗಳಾಗಿ ಟ್ಯಾಗ್ ಹಾಕಿ ಬರೆಯುವ ಪದ್ಧತಿ) ಬರೆಯುತ್ತೇವೆ. ಒಂದೇ ಮೂಲದಿಂದ ಐದು ಮಾಡೆಲ್‌ಗಳ ಕೈಪಿಡಿ ಹೊರಡುತ್ತವೆ. ಒಂದು ಮಾಡೆಲ್‌ಗೆ ಸರಿಯಾಗಿ ಬಂದ ಸೂಚಿ ಇನ್ನೊಂದರಲ್ಲಿ ಕೆಟ್ಟಿರುತ್ತದೆ. (ಓದುಗರು, ವೈಟ್‌ಫೀಲ್ಡ್)

ಉತ್ತರ: ಮೂರು ಕಡೆ ನೋಡಿ. ಮೊದಲನೆಯದು, ಮರುಬಳಕೆಯ ತುಣುಕುಗಳು. ‘ಮೇನ್ ಸ್ವಿಚ್ ಆಫ್ ಮಾಡಿ’ ಎಂಬ ಎಚ್ಚರಿಕೆಯನ್ನು ಕಾನ್‌ರೆಫ್ (ಒಂದು ಕಡೆ ಬರೆದದ್ದನ್ನು ಬೇರೆ ಕಡೆಗೆ ಎಳೆದುಕೊಳ್ಳುವ ಸೌಲಭ್ಯ) ಮೂಲಕ ಮೂವತ್ತು ಕಡೆ ಎಳೆದಿದ್ದು, ಅದರೊಳಗೆ ಸೂಚಿಯ ಗುರುತಾದ ‘ಇಂಡೆಕ್ಸ್‌ಟರ್ಮ್’ ಟ್ಯಾಗ್ ಇದ್ದರೆ ಸೂಚಿಯಲ್ಲಿ ಮೂವತ್ತು ಪುಟಸಂಖ್ಯೆ ಬರುತ್ತವೆ. ಹಂಚಿಕೊಳ್ಳುವ ತುಣುಕಿನೊಳಗೆ ಟ್ಯಾಗ್ ಬೇಡ, ಎಚ್ಚರಿಕೆಯ ಮುಖ್ಯ ಟಾಪಿಕ್‌ನಲ್ಲಿ ಒಂದೇ ಕಡೆ ಇರಲಿ.

ಎರಡನೆಯದು ‘ನೋಡಿ’ಗಳು. ಹೈಡ್ರಾಲಿಕ್ ಚಕ್ ಇಲ್ಲದ ಮಾಡೆಲ್‌ನಲ್ಲಿ ಆ ಟಾಪಿಕ್ ಸೋಸಿಹೋಗುತ್ತದೆ, ಅದನ್ನು ತೋರಿಸುವ ‘ಇಂಡೆಕ್ಸ್-ಸೀ’ (ಡಿಟಾದ ‘ನೋಡಿ’ ಟ್ಯಾಗ್) ಬೇರೆ ಟಾಪಿಕ್‌ನಲ್ಲಿದ್ದರೆ ಉಳಿದುಬಿಡುತ್ತದೆ. ಯಾವ ಪದವನ್ನು ತೋರಿಸುತ್ತದೋ ಆ ಪದ ಇರುವ ಟಾಪಿಕ್‌ನಲ್ಲೇ ‘ನೋಡಿ’ಯನ್ನೂ ಇಡಿ. ಬಂದರೆ ಎರಡೂ ಬರುತ್ತವೆ, ಹೋದರೆ ಎರಡೂ ಹೋಗುತ್ತವೆ.

ಮೂರನೆಯದು ಬರಹಗಾರರ ನಡುವಿನ ಭೇದ: ಒಬ್ಬರ ‘ಫಿಲ್ಟರ್’, ಇನ್ನೊಬ್ಬರ ‘ಏರ್ ಫಿಲ್ಟರ್’, ಮತ್ತೊಬ್ಬರ ‘ಫಿಲ್ಟರ್, ಏರ್’. ಒಪ್ಪಿತ ನಮೂದುಗಳ ಒಂದು ಪಟ್ಟಿ ಇಟ್ಟು, ಹೊಸ ನಮೂದನ್ನು ಒಬ್ಬರೇ ಒಪ್ಪಿ ಸೇರಿಸುವ ವ್ಯವಸ್ಥೆ ಮಾಡಿ. ಟ್ಯಾಗ್ ಅನ್ನು ಪ್ರೋಲಾಗ್‌ನಲ್ಲಿ (ಟಾಪಿಕ್‌ನ ತಲೆಯಲ್ಲಿರುವ ವಿವರಗಳ ಭಾಗ) ಇಟ್ಟರೆ ಅದು ಇಡೀ ಟಾಪಿಕ್‌ಗೆ ಅನ್ವಯ, ಪುಟಸಂಖ್ಯೆ ಟಾಪಿಕ್ ಶುರುವಾಗುವ ಪುಟದ್ದು ಬರುತ್ತದೆ. ಎರಡು ಮೂರು ಪುಟದ ಟಾಪಿಕ್‌ನ ನಡುವಿನ ವಿಷಯಕ್ಕೆ ಟ್ಯಾಗ್ ಆ ಪ್ಯಾರಾದಲ್ಲೇ ಇರಬೇಕು.

ಪ್ರಶ್ನೆ: ಗ್ರಂಥಾಲಯ ವಿಜ್ಞಾನ ಓದುತ್ತಿದ್ದೇನೆ. ಪದಸೂಚಿ ಮಾಡುವುದನ್ನೇ ಕಸುಬಾಗಿ ಕಲಿಯಬೇಕೆಂದಿದೆ. ತರಗತಿಯಲ್ಲಿ ಓದಿದ ಇಂಡೆಕ್ಸಿಂಗ್ ಸಿದ್ಧಾಂತ ಇಲ್ಲಿ ಉಪಯೋಗಕ್ಕೆ ಬರುತ್ತದೆಯೇ? (ಓದುಗರು, ಕೆಂಗೇರಿ)

ಉತ್ತರ: ಬರುತ್ತದೆ, ಅದೂ ನಿಮ್ಮ ಮನೆಯ ಹತ್ತಿರವೇ ಬೆಳೆದದ್ದು. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1962ರಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಭಾಗವಾಗಿ ಬೆಂಗಳೂರಿನಲ್ಲಿ ಶುರು ಮಾಡಿದ ಡಿಆರ್‌ಟಿಸಿ (ಡಾಕ್ಯುಮೆಂಟೇಷನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್) ಈಗ ಮೈಸೂರು ರಸ್ತೆಯಲ್ಲಿದೆ. ಅವರ ‘ಚೈನ್ ಪ್ರೊಸೀಜರ್’ (ವರ್ಗೀಕರಣದ ಸರಪಳಿಯಿಂದ ಸೂಚಿಯ ಪದ ಪಡೆಯುವ ವಿಧಾನ) ನೀವು ಓದಿರುತ್ತೀರಿ. ಆ ಕೇಂದ್ರದಲ್ಲೇ ಗಣೇಶ್ ಭಟ್ಟಾಚಾರ್ಯ ಅವರು ರೂಪಿಸಿದ ‘ಪೋಪ್ಸಿ’ ಪದ್ಧತಿ ವಿಷಯವನ್ನು ಕ್ಷೇತ್ರ, ವಸ್ತು, ಗುಣ, ಕ್ರಿಯೆ ಎಂದು ಬಿಡಿಸಿ ನೋಡುತ್ತದೆ. ಅದು ಗ್ರಂಥಾಲಯದ ವಿಷಯಸೂಚಿಗೆಂದು ಹುಟ್ಟಿದ್ದು. ಆದರೂ ಕೈಪಿಡಿಯಲ್ಲಿ ಉಪನಮೂದು ಹೊಳೆಯದೆ ಕೂತಾಗ ಇದೇ ನಾಲ್ಕನ್ನು ಹಿಡಿದು ಕೇಳಿಕೊಂಡರೆ ದಾರಿ ಕಾಣುತ್ತದೆ. ಕ್ಷೇತ್ರ ಹೇಗೂ ಒಂದೇ, ಈ ಯಂತ್ರ. ವಸ್ತು: ಸ್ಪಿಂಡಲ್. ಗುಣ: ವೇಗದ ಮಿತಿ, ಶಾಖ, ರನ್‌ಔಟ್. ಕ್ರಿಯೆ: ವಾರ್ಮ್‌ಅಪ್, ಬೆಲ್ಟ್ ಬಿಗಿ ಮಾಡುವುದು, ಓರಿಯಂಟೇಷನ್. ಇದಕ್ಕೆ ಐದನೆಯದಾಗಿ ತೊಂದರೆಯ ಲಕ್ಷಣ ಸೇರಿಸಿಕೊಳ್ಳಿ: ಸದ್ದು, ತಿರುಗದಿರುವುದು.

ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಗ್ರಂಥಾಲಯದಲ್ಲಿ ಪದಗಳ ಪಟ್ಟಿ ಮೊದಲೇ ಸಿದ್ಧವಿರುತ್ತದೆ, ಪುಸ್ತಕಗಳು ಅದಕ್ಕೆ ಹೊಂದಿಕೊಳ್ಳುತ್ತವೆ. ಕೈಪಿಡಿಯ ಸೂಚಿಯಲ್ಲಿ ಪದಗಳನ್ನು ಆ ಒಂದು ಪುಸ್ತಕ ಮತ್ತು ಅದನ್ನು ಬಳಸುವ ಜನ ಕೊಡುತ್ತಾರೆ.

ಅಭ್ಯಾಸಕ್ಕೆ ಮನೆಯಲ್ಲಿರುವ ಇನ್ವರ್ಟರ್, ವಾಷಿಂಗ್ ಮೆಷಿನ್ ಅಥವಾ ಸ್ಕೂಟರ್ ಕೈಪಿಡಿಯ 30 ಪುಟ ಸಾಕು. ಯಾವ ತಂತ್ರಾಂಶವೂ ಬೇಡ. ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಮುಖ್ಯಪದ, ಉಪಪದ, ಪುಟ, ಷರಾ ಎಂಬ ನಾಲ್ಕು ಕಾಲಂ. ಮೊದಲ ಓದಿನಲ್ಲಿ ಧಾರಾಳವಾಗಿ ಬರೆಯಿರಿ. ಒಂದು ದಿನ ಬಿಟ್ಟು ವಿಂಗಡಿಸಿ, ಮೇಲಿಂದ ಕೆಳಗೆ ಓದುತ್ತಾ ಒಂದೇ ಅರ್ಥದವನ್ನು ಕೂಡಿಸಿ, ಒಂಟಿ ಉಪನಮೂದುಗಳನ್ನು ಮೇಲಿನದಕ್ಕೆ ಸೇರಿಸಿ. ಆಮೇಲೆ ಆ ಕೈಪಿಡಿ ಓದಿರದ ಒಬ್ಬರನ್ನು ಕೂರಿಸಿ ಹತ್ತು ಪ್ರಶ್ನೆ ಕೊಡಿ: ‘ನೀರು ತುಂಬುತ್ತಿಲ್ಲ, ಏನು ಮಾಡಬೇಕು?’ ಎಂಬಂಥವು. ಸೂಚಿಯಲ್ಲಿ ಅವರು ಮೊದಲು ಯಾವ ಪದಕ್ಕೆ ಹೋದರು ಎಂಬುದನ್ನು ಬರೆದುಕೊಳ್ಳಿ, ಬಾಯಿಬಿಟ್ಟು ಸಹಾಯ ಮಾಡಬೇಡಿ. ಅವರು ಹುಡುಕಿ ಸಿಗದ ಪ್ರತಿ ಪದವೂ ಒಂದು ಹೊಸ ನಮೂದು ಅಥವಾ ಒಂದು ‘ನೋಡಿ’.

ನಿಯಮಗಳಿಗೆ ಐಎಸ್ಓ 999 ಎಂಬ ಮಾನದಂಡವಿದೆ, 1996ರದ್ದು. ಬ್ರಿಟನ್‌ನ ಸೊಸೈಟಿ ಆಫ್ ಇಂಡೆಕ್ಸರ್ಸ್ 1957ರಿಂದ ಇದೆ, ಅಮೆರಿಕದಲ್ಲಿ ಅಮೆರಿಕನ್ ಸೊಸೈಟಿ ಫಾರ್ ಇಂಡೆಕ್ಸಿಂಗ್ ಇದೆ. ಇಬ್ಬರೂ ದೂರಶಿಕ್ಷಣದ ತರಬೇತಿ ಕೊಡುತ್ತಾರೆ. ಕಸುಬಿನವರು ಬಳಸುವ ಸಿಂಡೆಕ್ಸ್, ಸ್ಕೈ ಇಂಡೆಕ್ಸ್, ಮ್ಯಾಕ್ರೆಕ್ಸ್ ತಂತ್ರಾಂಶಗಳಿಗೆ ಕೈಹಾಕುವುದು ಒಂದೆರಡು ಸೂಚಿಯನ್ನು ಕೈಯಲ್ಲೇ ಮಾಡಿ ಮುಗಿಸಿದ ಮೇಲೆ.

ಪ್ರಶ್ನೆ: ಪಿಡಿಎಫ್ ಅನ್ನು ಎಐಗೆ ಕೊಟ್ಟರೆ ಐದು ನಿಮಿಷದಲ್ಲಿ ಇಂಡೆಕ್ಸ್ ಬರುತ್ತದಲ್ಲ? (ಓದುಗರು, ಎಲೆಕ್ಟ್ರಾನಿಕ್ ಸಿಟಿ)

ಉತ್ತರ: ಪದಗಳ ಪಟ್ಟಿ ಬರುತ್ತದೆ. ಬಿಟ್ಟುಹೋದ ಪದ ನೆನಪಿಸಲು, ಒಂದೇ ಅರ್ಥದ ಪದಗಳನ್ನು ಹುಡುಕಲು ಅದನ್ನು ಬಳಸಿಕೊಳ್ಳಿ. ಪುಟಸಂಖ್ಯೆಗಳನ್ನು ಮಾತ್ರ ಒಂದನ್ನೂ ಪರೀಕ್ಷಿಸದೆ ನಂಬಬೇಡಿ, ಇಲ್ಲದ ಪುಟವನ್ನೂ ಅದು ಧೈರ್ಯವಾಗಿ ಬರೆಯುತ್ತದೆ.

ಪ್ರಶ್ನೆ: ಸೂಚಿ ಮುಗಿದ ಮೇಲೆ, ಅಚ್ಚಿಗೆ ಹೋಗುವ ಹಿಂದಿನ ದಿನ ನಡುವೆ ಎರಡು ಪುಟ ಸೇರಿಸಿದರು. ಎಲ್ಲ ಮತ್ತೆ ಮಾಡಬೇಕೇ? (ಓದುಗರು, ಬೊಮ್ಮಸಂದ್ರ)

ಉತ್ತರ: ಗುರುತುಗಳು ಕಡತದೊಳಗೇ ಇದ್ದರೆ ಸೂಚಿಯನ್ನು ಹೊಸದು ಮಾಡಿದರೆ ಮುಗಿಯಿತು. ಸೇರಿಸಿದ ಎರಡು ಪುಟಕ್ಕೆ ಗುರುತು ಹಾಕುವುದನ್ನು ಮರೆಯಬೇಡಿ, ಸಾಮಾನ್ಯವಾಗಿ ಮರೆಯುವುದು ಅದನ್ನೇ. ಸ್ಪ್ರೆಡ್‌ಶೀಟ್‌ನಲ್ಲಿ ಮಾಡಿದ್ದರೆ, ಸೇರ್ಪಡೆಯಾದ ಜಾಗದಿಂದ ಮುಂದಿನ ಎಲ್ಲ ಸಂಖ್ಯೆಗೂ 2 ಕೂಡಿಸಿ. ಆದರೆ ಸೇರಿಸಿದ್ದು ಪೂರ್ತಿ ಎರಡು ಪುಟವಾಗಿದ್ದು ಮುಂದಿನ ಪಠ್ಯ ಅಲುಗಾಡದಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಅಕ್ಷರಗಳು ಸರಿದಿದ್ದರೆ ಆ ಅಧ್ಯಾಯದ ಕೊನೆಯವರೆಗೆ ಒಂದೊಂದನ್ನೂ ನೋಡಲೇಬೇಕು. ಯಾವುದೇ ಆಗಲಿ, ಅಚ್ಚಿಗೆ ಕೊಡುವ ಮುನ್ನ ಪ್ರತಿ ಅಧ್ಯಾಯದ ಮೊದಲ, ನಡುವಿನ, ಕೊನೆಯ ಪುಟಗಳಿಗೆ ಹೋಗುವ ಒಂದೊಂದು ನಮೂದು ಆರಿಸಿ ಪುಟ ತೆರೆದು ನೋಡಿ. ಸಂಖ್ಯೆ ಸರಿದಿದ್ದರೆ ಎಲ್ಲಿಂದ ಸರಿದಿದೆ ಎಂಬುದೂ ಇದರಿಂದಲೇ ತಿಳಿಯುತ್ತದೆ.

ಇಂಥ ಕೊನೆ ಗಳಿಗೆಯ ಸೇರ್ಪಡೆ ನಿಮ್ಮಲ್ಲಿ ಮಾಮೂಲಾಗಿದ್ದರೆ ಪುಟಗಳಿಗೆ 3-12, 3-13 ಎಂದು ಅಧ್ಯಾಯವಾರು ಸಂಖ್ಯೆ ಕೊಡಿ, ಕೆಟ್ಟರೂ ಒಂದೇ ಅಧ್ಯಾಯ ಕೆಡುತ್ತದೆ. ಆಗ ಪುಟಗಳ ವ್ಯಾಪ್ತಿಗೆ ಗೆರೆ ಹಾಕಬೇಡಿ. ‘3-12–3-15’ ಎಂಬುದು ಓದಲು ಕಷ್ಟ, ‘3-12 ರಿಂದ 3-15’ ಎಂದಿರಲಿ. ವರ್ಡ್‌ನಲ್ಲಿ ಸೂಚಿಯ ಫೀಲ್ಡ್‌ಗೆ ಬ್ಯಾಕ್‌ಸ್ಲ್ಯಾಶ್ ಜಿ ಸೇರಿಸಿ, ಉದ್ಧರಣ ಚಿಹ್ನೆಯೊಳಗೆ ನಡುವಿನ ಪದವನ್ನು ಬರೆದರೆ ಎಲ್ಲ ಕಡೆ ಅದೇ ಬರುತ್ತದೆ. ಅದಕ್ಕೆ ಐದು ಅಕ್ಷರಸಂಕೇತಗಳ ಮಿತಿ ಇದೆ. ‘ರಿಂದ’ ಎಂಬುದು ಸ್ವರಚಿಹ್ನೆ, ಸೊನ್ನೆ ಸೇರಿ ನಾಲ್ಕಾಗುತ್ತದೆ, ಎರಡೂ ಬದಿಗೆ ಜಾಗ ಬಿಟ್ಟರೆ ಆರಾಗಿ ಮಿತಿ ದಾಟುತ್ತದೆ. ಹಿಂದಿನ ಜಾಗ ಬಿಟ್ಟು, ಅಂಕಿಗೆ ಅಂಟಿಸಿ ‘3-12ರಿಂದ 3-15’ ಎಂದು ಬರೆದರೆ ಸರಿಹೋಗುತ್ತದೆ.